ನೆನಪಿನ ಕೋವಿಗೆ ಗುಂಡು ಬೇಡ

ಆಯುಧಪೂಜೆಯ ದಿನ ಮೈಸೂರಿನಲ್ಲಿ ಕಾರು, ಸ್ಕೂಟರು, ಹೊಲಿಗೆ ಯಂತ್ರ, ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಇಡುವ ಹೊತ್ತಿಗೆ ಕೆಲವು ಮನೆಗಳಲ್ಲಿ ಕೋವಿಯೂ ಪೂಜೆಗೆ ಕೂರುತ್ತದೆ. ಮಕ್ಕಳ ಓದಿಗೆಂದು ಕೊಡಗಿನಿಂದ ಬಂದು ಇಲ್ಲಿಯೇ ನೆಲೆ ನಿಂತವರು, ಸೇನೆಯಿಂದ ನಿವೃತ್ತರಾಗಿ ಮನೆ ಕಟ್ಟಿಕೊಂಡವರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಕಡೆ ಜಮೀನು ಉಳಿಸಿಕೊಂಡು ನಗರದಲ್ಲಿ ವಾಸವಿರುವವರು, ಅಜ್ಜನ ಕಾಲದಲ್ಲಿ ಶಿಕಾರಿಯ ಗೀಳಿದ್ದ ಮನೆತನದವರು ಇಂಥ ಕೋವಿಗಳ ಒಡೆಯರು. ಇವರು ಅಕ್ಕರೆಯಿಂದ ಮಾತಾಡುವುದು ಸಾಮಾನ್ಯವಾಗಿ ಹಳೆಯ ಕೋವಿಯ ಬಗ್ಗೆ. ಅದನ್ನು ಯಾರು ಕೊಂಡರು, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ಮದುವೆಯಲ್ಲಿ, ಯಾವ ಸಾವಿನಲ್ಲಿ ಅದರ ಸದ್ದು ಕೇಳಿತ್ತು ಎಂಬುದೇ ಆ ಮಾತಿನ ತಿರುಳು. ಈ ಪ್ರೀತಿಯನ್ನು ಹಗುರವಾಗಿ ಕಾಣಬಾರದು. ಆದರೆ ಅದು ಏನನ್ನು ಪ್ರೀತಿಸುತ್ತಿದೆ ಎಂದು ಸರಿಯಾಗಿ ಗುರುತಿಸಿಕೊಂಡರೆ ಒಂದು ತೀರ್ಮಾನಕ್ಕೆ ಬರಲೇಬೇಕಾಗುತ್ತದೆ. ನೆನಪಿಗಾಗಿ ಇಟ್ಟುಕೊಂಡ ಕೋವಿಗೆ ಗುಂಡು ಬೇಕಿಲ್ಲ. ಬಳಕೆಗಾಗಿ ಇಟ್ಟುಕೊಂಡ ಕೋವಿಗೆ ಈಗಿರುವುದಕ್ಕಿಂತ ಹೆಚ್ಚಿನ ಹೊಣೆ ಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಒಡೆಯರೂ ಬಿಡಬೇಕು, ಸರ್ಕಾರವೂ ಬಿಡಬೇಕು.

ಮೊದಲು ಈ ಅಕ್ಕರೆಗೆ ಕಾರಣವೇನು ಎಂದು ನೋಡೋಣ. ನಮ್ಮ ಕಡೆ ಹೆಚ್ಚು ಗೌರವ ಪಡೆದಿರುವುದು ಹನ್ನೆರಡು ಬೋರಿನ ಜೋಡಿ ನಳಿಗೆ ಬಂದೂಕು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವಿರುತ್ತದೋ ಅದೇ ಈ ನಳಿಗೆಯ ಒಳಅಳತೆ. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು.ಡಬ್ಲ್ಯು. ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್‌ನಂಥ ಕಂಪನಿಗಳ ಹೆಸರು ಕೆತ್ತಿದ ಬಂದೂಕು ಮನೆಯಲ್ಲಿದ್ದರೆ ಅದು ಒಡವೆಗೆ ಸಮ. ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಅದು ನಡುವಿನಲ್ಲಿ ಬಾಗಿ ತೆರೆದುಕೊಳ್ಳುತ್ತದೆ; ಮುಚ್ಚಿದಾಗ ಉಕ್ಕಿಗೆ ಉಕ್ಕು ಕೂರುವ ಜಾಗದಲ್ಲಿ ಕೂದಲೆಳೆಯಷ್ಟೂ ಸಂದು ಕಾಣುವುದಿಲ್ಲ. ಆಕ್ರೋಟಿನ ಮರದ ಹಿಡಿಯಲ್ಲಿ ಕೆನ್ನೆ ಒರಗುವ ಕಡೆ ಮೆರುಗು, ಎಡಗೈ ಹಿಡಿಯುವ ಕಡೆ ಗೀರುಕೆತ್ತನೆ ಸವೆದು ನುಣುಪಾಗಿರುತ್ತದೆ. ಎರಡು ಮೂರು ತಲೆಮಾರಿನ ಕೈಗಳು ಬಿಟ್ಟುಹೋದ ಗುರುತು ಅದು. ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು 1980ರ ದಶಕದ ನಡುಭಾಗದಲ್ಲಿ ನಿಂತ ಮೇಲೆ ಇಂಥವುಗಳ ಬೆಲೆ ಇನ್ನೂ ಏರಿತು. ಸರ್ಕಾರಿ ಕಾರ್ಖಾನೆಗಳ .315 ರೈಫಲ್, .32 ರಿವಾಲ್ವರ್‌ಗಳು ಕೆಲಸಕ್ಕೆ ಒದಗುತ್ತವೆ, ಆದರೆ ಅವುಗಳ ಮೇಲೆ ಆ ಬಗೆಯ ಮೋಹ ಹುಟ್ಟಿದ್ದು ಕಡಿಮೆ.

ಇದಕ್ಕೆ ಪೂರ್ತಿ ಬೇರೆಯದೇ ತುದಿಯಲ್ಲಿ ಕೇಪಿನ ಕೋವಿ ಇದೆ. ಮಲೆನಾಡಿನಲ್ಲೂ ಕೊಡಗಿನಲ್ಲೂ ಬಡವನಿಗೆ ದಕ್ಕಿದ ಕೋವಿ ಇದು. ಬಾಯಿಯ ಕಡೆಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಬ್ಬಿಣದ ಸಲಾಕೆಯಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಹಿಂಬದಿಯ ಮೊಲೆಗೆ ಕೇಪು ತೊಡಿಸಬೇಕು. ಒಂದು ಈಡು ಹೊಡೆದ ಮೇಲೆ ಮತ್ತೆ ಇಷ್ಟೂ ಕೆಲಸ ಮೊದಲಿನಿಂದ. ಹೀಗೆ ನಿಧಾನವಾದ, ಮಳೆಗಾಲದಲ್ಲಿ ಮದ್ದು ತೇವವಾದರೆ ಕೈಕೊಡುವ ಕೋವಿಯನ್ನೂ ಜನ ಜೋಪಾನ ಮಾಡಿದ್ದಾರೆ. ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಮೇಲೆ ಆಂಡರ್ಸನ್ನರ .405 ವಿಂಚೆಸ್ಟರ್ ರೈಫಲ್ ಕೂಡ ಕನ್ನಡ ಓದುಗರಿಗೆ ಪರಿಚಿತ ಪಾತ್ರವಾಯಿತು. 1895ರ ಮಾದರಿಯ ಆ ರೈಫಲ್ಲಿಗಿಂತ ಒಳ್ಳೆಯವು ಅವರ ಕಾಲಕ್ಕೇ ಬಂದಿದ್ದವು, ಅವರು ಮಾತ್ರ ಅದನ್ನು ಬಿಡಲಿಲ್ಲ. ದುಬಾರಿ ಗ್ರೀನರ್ ಆಗಲಿ, ಊರಿನ ಕುಲುಮೆಯಲ್ಲಿ ರಿಪೇರಿಯಾದ ಕೇಪಿನ ಕೋವಿಯಾಗಲಿ, ಪ್ರೀತಿಯ ಬೇರು ಇರುವುದು ಒಡನಾಟದಲ್ಲಿ. ಕೊಲ್ಲುವ ಸಾಮರ್ಥ್ಯವೇ ಪ್ರೀತಿಗೆ ಅಳತೆಯಾಗಿದ್ದರೆ ಈ ಹಳೆಯವೆಲ್ಲ ಎಂದೋ ಗುಜರಿ ಸೇರಬೇಕಿತ್ತು.

ಕೊಡವರಲ್ಲಿ ಈ ಒಡನಾಟಕ್ಕೆ ಧರ್ಮದ ನೆಲೆಯೂ ಇದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು; ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವ ಗಳಿಗೆಗೆ ಮತ್ತೆ ಕೋವಿಯ ಸದ್ದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡಗಿನವರನ್ನು ಹೊರಗಿಟ್ಟರು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿ ಉಳ್ಳವರಿಗೆ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಈ ಸಂಪ್ರದಾಯದಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಕೋವಿಗೆ ಹಾಕಿರುವ ಕಟ್ಟುಪಾಡು. ಯಾವಾಗ ಹಾರಿಸಬೇಕು, ಎಷ್ಟು ಸಲ ಹಾರಿಸಬೇಕು ಎಂಬುದನ್ನು ಊರೇ ತೀರ್ಮಾನಿಸಿಟ್ಟಿದೆ. ಎರಡು ಈಡು ಕೇಳಿದರೆ ಸಾವೆಂದು ಊರಿಗೆ ತಿಳಿಯಬೇಕಾದರೆ, ಯಾರೂ ಮನಬಂದಂತೆ ಎರಡು ಈಡು ಹೊಡೆಯುವಂತಿಲ್ಲ. ಶಿಸ್ತಿಲ್ಲದೆ ಆ ಸಂಕೇತಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಗುಂಡು ಹಾರಿಸದ ಬಂದೂಕಿಗೂ ಮಾನ ಇರುತ್ತದೆಯೇ ಎಂದು ಕೇಳುವವರಿಗೆ ಶ್ರೀರಂಗಪಟ್ಟಣದ ಇತಿಹಾಸವೇ ಉತ್ತರ ಕೊಡುತ್ತದೆ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆಯ ಅಲಂಕಾರ, ಮಾಡಿದವರ ಹೆಸರು, ಟಿಪ್ಪು ತಾನೇ ಜಾರಿಗೆ ತಂದ ಪಂಚಾಂಗದ ವರ್ಷ ಎಲ್ಲವೂ ಇವೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಲೂಟಿಯಾಗಿ ಇಂಗ್ಲೆಂಡಿಗೆ ಹೋದವು. 2015ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಒಂದು ಬೇಟೆ ಬಂದೂಕು 7 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅದರಲ್ಲಿ ಮತ್ತೆ ಮದ್ದು ತುಂಬಿ ಹಾರಿಸುವ ಉದ್ದೇಶ ಯಾರಿಗೂ ಇರಲಾರದು. ಮೈಸೂರು ಅರಮನೆಯ ಆಯುಧಶಾಲೆಯಲ್ಲಿ ಜೋಪಾನವಾಗಿರುವ ಆಯುಧಗಳ ಬೆಲೆಯೂ ಇದೇ ಬಗೆಯದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿ ಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಅಲ್ಲಿನ ಆಯುಧಗಳು ಮೌನವಾಗಿವೆ ಎಂಬ ಕಾರಣಕ್ಕೆ ಆ ಯೋಧನ ಮೇಲಿನ ಗೌರವ ಕುಂದುವುದಿಲ್ಲ. ಅರಮನೆಗೂ ವಸ್ತುಸಂಗ್ರಹಾಲಯಕ್ಕೂ ಸಲ್ಲುವ ಮಾತು ಕುವೆಂಪುನಗರದ ಒಂದು ಮನೆಯ ಗೋಡೆಗೂ ಸಲ್ಲುತ್ತದೆ.

ಇನ್ನು ಬಳಕೆಯ ಮಾತು. ಈ ಬಂದೂಕುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಬೇಟೆಗಾಗಿ. ಬೇಟೆಯ ಆ ಲೋಕ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಮೈಸೂರಿನಲ್ಲೇ ಪುರಾವೆ ಇದೆ. ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ವ್ಯಾನ್ ಇಂಗೆನ್ ಅವರ ಕಾರ್ಖಾನೆ ಈ ಊರಿನಲ್ಲಿತ್ತು. ರಾಜಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ತೋಟದ ಮಾಲೀಕರು ಹೊಡೆದ ಸಾವಿರಾರು ಹುಲಿ ಚಿರತೆಗಳು ಅಲ್ಲಿ ಹದಗೊಂಡು ದೇಶವಿದೇಶಗಳ ಗೋಡೆ ಏರಿದವು. ಕೆಲಸ ಅಪ್ರತಿಮವಾದದ್ದು, ಆದರೆ ಆ ಲೆಕ್ಕ ನಮ್ಮ ಕಾಡುಗಳು ಕಳೆದುಕೊಂಡ ಲೆಕ್ಕವೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು. ಮರುವರ್ಷವೇ, 1973ರಲ್ಲಿ, ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕಾರ್ಖಾನೆಯ ಕೆಲಸ ಕುಗ್ಗುತ್ತಾ ಬಂದು 1990ರ ದಶಕದ ಕೊನೆಗೆ ಬಾಗಿಲು ಮುಚ್ಚಿತು. ಅಂದರೆ ನಗರದ ಮನೆಗಳಲ್ಲಿರುವ ಶಿಕಾರಿ ಬಂದೂಕುಗಳು ಯಾವ ಕೆಲಸಕ್ಕೆ ಹುಟ್ಟಿದವೋ ಆ ಕೆಲಸ ಮುಗಿದು ಅರ್ಧ ಶತಮಾನ ಕಳೆದಿದೆ. ಉಳಿದಿರುವುದು ನೆನಪು ಮತ್ತು ಕುಶಲಕಲೆ. ಅಪಾಯವನ್ನು ಮಾತ್ರ ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ.

ಕಾನೂನು ಈ ವ್ಯತ್ಯಾಸವನ್ನು ಪೂರ್ತಿ ಕಂಡಿಲ್ಲ ಎಂಬ ಒಡೆಯರ ದೂರಿನಲ್ಲಿ ಹುರುಳಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದದ್ದಕ್ಕೂ ಇದೇ ಮಿತಿ ಎಂದು ಬಿಡಿಸಿ ಹೇಳಿತು. ಅಜ್ಜನದೊಂದು, ಅಪ್ಪನದೊಂದು, ತನ್ನದೊಂದು ಇದ್ದ ಮನೆಯಲ್ಲಿ ಒಂದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಯಾವುದನ್ನು ಕೊಡುವುದು ಎಂಬುದು ಅಂಥ ಕುಟುಂಬಗಳಿಗೆ ಸಣ್ಣ ಸಂಕಟವಲ್ಲ. ಆದರೆ ಇದರ ಬೆನ್ನಿಗೇ 2020ರಲ್ಲಿ ಬದಲಾದ ನಿಯಮಗಳು ಒಂದು ದಾರಿಯನ್ನೂ ತೆರೆದವು. ಪುರಾತನ ಅಥವಾ ಸಂಗ್ರಹಯೋಗ್ಯ ಎಂಬ ವರ್ಗಕ್ಕೆ ಸೇರುವ ಬಂದೂಕನ್ನು ಪರವಾನಗಿ ಇಲ್ಲದೆಯೂ ಮನೆಯಲ್ಲಿ ಇಟ್ಟುಕೊಳ್ಳಬಹುದು. ಹೊರಗೆ ಒಯ್ಯಲು, ಹಾರಿಸಲು ಮಾತ್ರ ತಕ್ಕ ಪರವಾನಗಿ ಬೇಕು, ಅದಿಲ್ಲದೆ ಮದ್ದುಗುಂಡು ಸಿಗುವುದಿಲ್ಲ. ನೆನಪನ್ನು ಬಳಕೆಯಿಂದ ಬೇರ್ಪಡಿಸುವ ತತ್ವ ಹೀಗೆ ನಿಯಮದಲ್ಲಿಯೇ ಮೊಳಕೆಯೊಡೆದಿದೆ. ಅದನ್ನು ಕುಟುಂಬಗಳಿಗೆ ತಲುಪಿಸುವ, ಅರ್ಜಿ ಹಾಕಿದವರ ಕೋವಿಯನ್ನು ಪರೀಕ್ಷಿಸಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಬರಹದಲ್ಲಿ ತಿಳಿಸುವ ಕೆಲಸ ಆಗಬೇಕು. ಆ ವರ್ಗಕ್ಕೆ ಸೇರದ, ಆದರೂ ಮನೆತನಕ್ಕೆ ಪ್ರಿಯವಾದ ಬಂದೂಕನ್ನು ಹಾರಿಸಲಾಗದಂತೆ ಮಾಡಿ ಇಟ್ಟುಕೊಳ್ಳುವುದಾದರೆ ಅದನ್ನು ಎರಡರ ಲೆಕ್ಕಕ್ಕೆ ಸೇರಿಸಬಾರದು.

ಇದಕ್ಕೆ ಮೊದಲ ಆಕ್ಷೇಪ ಸಂಪ್ರದಾಯದ ಕಡೆಯಿಂದ ಬರುತ್ತದೆ. ಹಾರದ ಕೋವಿ ಕೋವಿಯೇ ಅಲ್ಲ, ಪೂಜೆಗೆ ಕೂರಿಸುವುದು ಜೀವಂತ ಆಯುಧವನ್ನು, ಹೆಣವನ್ನಲ್ಲ ಎಂಬ ಮಾತಿದೆ. ಕೊಡವರ ಮೂಲಮನೆಯಾದ ಐನ್‌ಮನೆಯ ಕೋವಿಗೆ ಈ ಮಾತು ಒಪ್ಪುತ್ತದೆ. ಅಲ್ಲಿ ಗದ್ದೆಯಿದೆ, ಪುತ್ತರಿಯಿದೆ, ಸದ್ದು ಕೇಳಿಸಿಕೊಳ್ಳಲು ಊರಿದೆ. ಆ ಕೋವಿ ಹಾರುತ್ತಲೇ ಇರಲಿ. ವಿನಾಯಿತಿಯನ್ನು ಕಿತ್ತುಕೊಳ್ಳಬೇಕು ಎಂಬ ವಾದ ನನ್ನದಲ್ಲ. ಆದರೆ ಗೋಡೆಗೆ ಗೋಡೆ ಅಂಟಿಕೊಂಡ ನಗರದ ಬಡಾವಣೆಯಲ್ಲಿ ಹುಟ್ಟು ಸಾವುಗಳಿಗೆ ಈಡು ಹೊಡೆಯಲು ಸಾಧ್ಯವಿಲ್ಲ, ಹೊಡೆಯಲೂಬಾರದು. ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಹಾಗಿರುವಾಗ ಆಚರಣೆಯ ಕೋವಿಯನ್ನು ಆಚರಣೆ ನಡೆಯುವ ಮನೆಯಲ್ಲಿ, ಹಿರಿಯರ ಹೊಣೆಯಲ್ಲಿ ಇಡುವುದೇ ಸಂಪ್ರದಾಯಕ್ಕೆ ಹೆಚ್ಚು ನಿಷ್ಠವಾದ ದಾರಿ. ಕೈಲ್‌ಪೊಳ್ದಿಗೆ ಊರಿಗೆ ಹೋದಾಗ ಅದು ಕೈಗೆ ಸಿಗುತ್ತದೆ. ಮೈಸೂರಿನ ಮನೆಯ ಬೀರುವಿನಲ್ಲಿ ಅದಕ್ಕೆ ಗುಂಡಿನ ಸಮೇತ ಮಾಡುವ ಕೆಲಸವೇನೂ ಇಲ್ಲ.

ಎರಡನೆಯ ಆಕ್ಷೇಪ ಆತ್ಮರಕ್ಷಣೆಯದು. ವಯಸ್ಸಾದವರು ಇಬ್ಬರೇ ಇರುವ ಮನೆಗಳು ಮೈಸೂರಿನಲ್ಲಿ ಹೆಚ್ಚುತ್ತಿವೆ, ಕಳ್ಳತನದ ಭಯ ಸುಳ್ಳಲ್ಲ. ಆದರೆ ಆಪತ್ತಿಗೆ ಒದಗುವ ಬಂದೂಕು ಗುಂಡು ತುಂಬಿಕೊಂಡು ಕೈಗೆಟಕುವಂತೆ ಇರಬೇಕು. ಸುರಕ್ಷಿತವಾಗಿಟ್ಟ ಬಂದೂಕು ಖಾಲಿಯಾಗಿ, ಬೀಗದೊಳಗೆ, ತೋಟಾಗಳಿಂದ ದೂರ ಇರಬೇಕು. ಒಂದೇ ಬಂದೂಕು ಎರಡೂ ಆಗಿರಲು ಸಾಧ್ಯವಿಲ್ಲ. ಕೈಗೆಟಕುವ ಬಂದೂಕು ಕಳ್ಳನಿಗೂ ಎಟಕುತ್ತದೆ, ಕುತೂಹಲದ ಮೊಮ್ಮಗನಿಗೂ ಎಟಕುತ್ತದೆ, ಆಸ್ತಿ ಜಗಳದಲ್ಲಿ ಸಿಟ್ಟಿಗೆದ್ದವನಿಗೂ ಎಟಕುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬದುಕು ಬೇಸರವಾದ ಒಂದು ಕ್ಷಣದಲ್ಲಿ ಮನೆಯವರಿಗೇ ಎಟಕುತ್ತದೆ. ಮನೆಯಲ್ಲಿ ಬಂದೂಕಿದ್ದರೆ ಆತ್ಮಹತ್ಯೆಯ ಸಾವಿನ ಸಂಭವ ಹೆಚ್ಚುತ್ತದೆ ಎಂಬುದು ಹಲವು ದೇಶಗಳ ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡ ಸತ್ಯ, ಏಕೆಂದರೆ ಆ ಕ್ಷಣ ಕಳೆದು ಮನಸ್ಸು ಬದಲಾಗಲು ಬಂದೂಕು ಅವಕಾಶ ಕೊಡುವುದಿಲ್ಲ. ಕಾಡಂಚಿನ ರೈತನ ಸ್ಥಿತಿ ಬೇರೆ. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ರಾತ್ರಿಯಿಡೀ ಬೆಳೆ ಕಾಯುವವನಿಗೆ ಆನೆ, ಹಂದಿಗಳನ್ನು ಬೆದರಿಸಲು ಸದ್ದು ಬೇಕು. ಬೆಳೆ ರಕ್ಷಣೆಗಾಗಿ ಕೇಪಿನ ಕೋವಿಗೆ ಪರವಾನಗಿ ಕೊಡಬೇಕೆಂದು 1959ರ ಕಾಯ್ದೆಯೇ ಹೇಳುತ್ತದೆ. ಚುನಾವಣೆ ಬಂದಾಗಲೆಲ್ಲ ಅಂಥವನ ಕೋವಿಯನ್ನೂ ಠಾಣೆಯಲ್ಲಿ ಇರಿಸಿಕೊಂಡು ಬೆಳೆಯನ್ನು ಪ್ರಾಣಿಗಳ ಪಾಲು ಮಾಡುವುದು ಅನ್ಯಾಯ. ಪ್ರತಿಯೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಲು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇರುವಾಗ ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದು ಆಡಳಿತದ ಸೋಮಾರಿತನ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಅಪರಾಧಗಳಲ್ಲಿ ಬಳಕೆಯಾಗುವುದು ಬಹುಪಾಲು ಅಕ್ರಮ ನಾಡಪಿಸ್ತೂಲುಗಳು, ಕಾನೂನು ಪಾಲಿಸುವ ಒಡೆಯರನ್ನು ಏಕೆ ಕಾಡುತ್ತೀರಿ ಎಂಬ ಪ್ರಶ್ನೆ ಅದು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂದು ತನಿಖೆ ಹೇಳಿತು. ಅಂಥ ಆಯುಧಗಳ ಜಾಲ ಮುರಿಯುವುದು ಪೊಲೀಸರ ಮೊದಲ ಕೆಲಸವಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಪರಾಧಕ್ಕೂ ಈ ಹೊಣೆಗೂ ತಳಕು ಹಾಕಿ ಒಂದರ ನೆಪದಲ್ಲಿ ಇನ್ನೊಂದನ್ನು ತಳ್ಳಿಹಾಕುವಂತಿಲ್ಲ. ಮನೆಯೊಳಗಿನ ಜಗಳಕ್ಕೆ, ಆಕಸ್ಮಿಕಕ್ಕೆ, ಆತ್ಮಹತ್ಯೆಗೆ ಪರವಾನಗಿಯ ಬಂದೂಕೂ ಅಷ್ಟೇ ಸುಲಭವಾಗಿ ಒದಗುತ್ತದೆ. ಕಳುವಾದ ಸಕ್ರಮ ಬಂದೂಕು ಮರುದಿನವೇ ಅಕ್ರಮ ಬಂದೂಕಾಗುತ್ತದೆ. ನಾವು ಪರವಾನಗಿ ಪಡೆದವರು, ಮೇಲು ದರ್ಜೆಯ ನಾಗರಿಕರು ಎಂದು ಹೆಮ್ಮೆ ಪಡುವವರು ಆ ಹೆಮ್ಮೆಗೆ ತಕ್ಕ ಎಚ್ಚರವನ್ನು ತಾವೇ ಮುಂದೆ ಬಂದು ತೋರಿಸಬೇಕು.

ಎಚ್ಚರ ಎಂದರೆ ಹೇಗಿರಬೇಕು ಎಂಬುದನ್ನು ಮೈಸೂರು ಪ್ರತಿವರ್ಷ ಕಣ್ಣಾರೆ ನೋಡುತ್ತದೆ. ಜಂಬೂಸವಾರಿಯ ದಿನ ಚಿನ್ನದ ಅಂಬಾರಿಯಲ್ಲಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ ರಾಷ್ಟ್ರಗೀತೆಯ ಜೊತೆಗೆ 21 ಕುಶಾಲತೋಪು ಹಾರುತ್ತವೆ. ಏಳು ಫಿರಂಗಿಗಳು ತಲಾ ಮೂರು ಸುತ್ತು ಸಿಡಿಯಬೇಕು. ನಗರ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ ಇದಕ್ಕಾಗಿ ವಾರಗಟ್ಟಲೆ ತಾಲೀಮು ನಡೆಸುತ್ತಾರೆ. ಆನೆ, ಕುದುರೆಗಳನ್ನೂ ಕರೆತಂದು ಸದ್ದಿಗೆ ಅಣಿಗೊಳಿಸುತ್ತಾರೆ. ಒಂದು ಸುತ್ತು ಸಿಡಿದ ಕೂಡಲೇ ನಳಿಗೆಯೊಳಗೆ ಒದ್ದೆ ಬಟ್ಟೆಯ ಕೋಲು ಹಾಯಿಸಿ ಉಳಿದ ಕಿಡಿಯನ್ನು ಆರಿಸಿದ ಮೇಲಷ್ಟೇ ಮುಂದಿನ ಮದ್ದಿನ ಚೀಲ ಒಳಹೋಗುತ್ತದೆ. ಒಂದು ಕಿಡಿ ಉಳಿದರೂ ತುಂಬುವವನ ಕೈ ಹೋದಂತೆ. ಫಿರಂಗಿ ಹಳೆಯದು, ಮದ್ದು ಮಾತ್ರ, ಗುಂಡಿಲ್ಲ. ಆದರೂ ಇಷ್ಟು ಜನರ ಇಷ್ಟು ದಿನದ ಶಿಸ್ತು. ಪರಂಪರೆಯ ಆಯುಧವನ್ನು ಜೀವಂತವಾಗಿ ಇಟ್ಟುಕೊಳ್ಳಬೇಕೆಂದರೆ ಕೊಡಬೇಕಾದ ಬೆಲೆ ಇದು. ಈ ಬೆಲೆ ಕೊಡಲು ಸಿದ್ಧವಿಲ್ಲದವರು ಕೋವಿಯನ್ನು ನೆನಪಾಗಿ ಉಳಿಸಿಕೊಳ್ಳಲಿ.

ಆಗಬೇಕಾದ ಕೆಲಸಗಳು ಕಷ್ಟದವಲ್ಲ. ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ನವೀಕರಣದ ಅವಧಿ 2019ರ ತಿದ್ದುಪಡಿಯಲ್ಲಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಆ ಐದು ವರ್ಷಕ್ಕೊಮ್ಮೆ ಅರ್ಜಿಯ ಜೊತೆಗೆ ಒಡೆಯನ ಮುಂದೆ ಒಂದು ನೇರ ಪ್ರಶ್ನೆ ಇಡಬೇಕು: ಇದು ಬಳಕೆಗೋ, ನೆನಪಿಗೋ? ಬಳಕೆಗೆ ಎಂದವರ ಮನೆಯಲ್ಲಿ ಬೀಗವಿರುವ ಕಬ್ಬಿಣದ ಪೆಟ್ಟಿಗೆ ಇದೆಯೇ, ತೋಟಾಗಳು ಬೇರೆಡೆ ಇವೆಯೇ ಎಂದು ಬಂದು ನೋಡಬೇಕು. ನೆನಪಿಗೆ ಎಂದವರಿಗೆ ಮದ್ದುಗುಂಡು ಒಪ್ಪಿಸಿ ಕೋವಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವ ದಾರಿಯನ್ನು ಸುಗಮ ಮಾಡಿಕೊಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಒಡೆಯನಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು 25 ವರ್ಷ ಆತನ ಬಳಿ ಇದ್ದರೆ ಅದನ್ನು ವಾರಸುದಾರರಿಗೆ ವರ್ಗಾಯಿಸಬಹುದು. ಅನೇಕರು ಇದನ್ನು ಮುಂದೂಡುತ್ತಾ ಹೋಗುತ್ತಾರೆ. ಕೊನೆಗೆ ಅವರು ತೀರಿಕೊಂಡ ಮೇಲೆ ಬಂದೂಕಿನ ಗಂಧವೇ ಇಲ್ಲದ ಮಕ್ಕಳ ತಲೆಗೆ ಅದು ಬರುತ್ತದೆ. ಹೊಸ ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿ ಇರುವಂತೆ ವಾರಸುದಾರರಿಗೂ ತಪ್ಪದೆ ತರಬೇತಿ ಆಗಬೇಕು. ಅಜ್ಜನ ಕೋವಿ ಬಂದರೆ ಸಾಲದು, ಅಜ್ಜನಿಗಿದ್ದ ಎಚ್ಚರವೂ ಮೊಮ್ಮಗನಿಗೆ ಬರಬೇಕು.

ಕೋವಿಯನ್ನು ಪ್ರೀತಿಸುವವರನ್ನು ಕೊಲೆಗಡುಕರಂತೆ ಕಾಣುವವರೂ ತಪ್ಪು ಮಾಡುತ್ತಾರೆ, ಪ್ರೀತಿಯ ಹೆಸರಿನಲ್ಲಿ ಎಲ್ಲ ನಿಯಮಗಳನ್ನೂ ಕಿರುಕುಳ ಎನ್ನುವವರೂ ತಪ್ಪು ಮಾಡುತ್ತಾರೆ. ಕುಶಲಕರ್ಮಿಯ ಕೆಲಸ, ಮನೆತನದ ಕಥೆ, ಸಮುದಾಯದ ಆಚರಣೆ ಇವು ಮೂರೂ ಉಳಿಯತಕ್ಕವು. ಮೂರರಲ್ಲಿ ಮೊದಲೆರಡಕ್ಕೆ ಗುಂಡು ಬೇಕಿಲ್ಲ, ಮೂರನೆಯದಕ್ಕೆ ಬೇಕಾದದ್ದು ಊರೊಪ್ಪುವ ಶಿಸ್ತು. ಮನೆಯಲ್ಲಿ ಹಳೆಯ ಬಂದೂಕು ಇರುವ ಪ್ರತಿಯೊಬ್ಬರೂ ಮುಂದಿನ ನವೀಕರಣದವರೆಗೆ ಕಾಯದೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಇದು ಬಳಕೆಗೋ ನೆನಪಿಗೋ ಎಂಬ ಪ್ರಶ್ನೆಯನ್ನು ಚರ್ಚಿಸಲಿ. ಕಳೆದ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಹಾರಿಸುವ ಅಗತ್ಯ ಬೀಳದ ಕೋವಿಗೆ ತೋಟಾ ಏಕೆ ಎಂಬುದಕ್ಕೆ ಒಪ್ಪುವ ಉತ್ತರ ಸಿಗದಿದ್ದರೆ, ತೋಟಾಗಳನ್ನು ಕಾನೂನುಬದ್ಧವಾಗಿ ಒಪ್ಪಿಸಿ ಕೋವಿಯನ್ನು ಉಳಿಸಿಕೊಳ್ಳುವುದೇ ಆ ಮನೆತನಕ್ಕೆ ಶ್ರೇಯಸ್ಕರ.